ಸ್ಕಾಟ್ಲೆಂಡಿನ ಬೈಕ್ ಟ್ರಯಲ್ಸ್ ವಿಡಿಯೊ ನೋಡಿದೆ. ವೇಗವೇ ಇಲ್ಲದ ಈ ಸ್ಪರ್ಧೆಯಲ್ಲಿ ಏನಿದೆ? ಹತ್ತಿರದಿಂದ ಕಂಡ ಕನ್ನಡಿಗರು ಯಾರಾದರೂ ಇದ್ದೀರಾ?

ಇದ್ದೇನೆ. ಏಳು ವರ್ಷದವಳಿದ್ದಾಗಿನಿಂದ ನೋಡುತ್ತಾ ಬಂದಿದ್ದೇನೆ. ಹಳ್ಳದ ಬಂಡೆಯೊಂದರ ಮೇಲೆ, ಅಂಕ ಬರೆದುಕೊಳ್ಳುತ್ತಿದ್ದ ನಮ್ಮ ಅಪ್ಪನ ಪಕ್ಕದಲ್ಲಿ ನಿಂತು ನೋಡಿದ್ದು.

ಅಪ್ಪ ಡಾಕ್ಟರು. ಮೈಸೂರಿನಲ್ಲಿ ಎಂಬಿಬಿಎಸ್ ಓದುವಾಗ ಅವರ ಬಳಿ ಒಂದು ಜಾವಾ ಇತ್ತು. ಊರಿನಲ್ಲೇ ತಯಾರಾಗುತ್ತಿದ್ದ ಗಾಡಿ. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ಮಡಚಿದರೆ ಗೇರ್ ಲಿವರ್ ಆಗುತ್ತಿದ್ದ ಆ ಜಾವಾ. 1974ರಲ್ಲಿ ಕೆಲಸಕ್ಕೆಂದು ಬ್ರಿಟನ್ನಿಗೆ ಹೊರಟಾಗ ಅದನ್ನು ಚಿಕ್ಕಪ್ಪನಿಗೆ ಕೊಟ್ಟು ಬಂದರು. ಮೂರು ವರ್ಷದ ಮೇಲೆ ಸ್ಕಾಟ್ಲೆಂಡಿನ ಬೆಟ್ಟದ ಸೀಮೆಯಲ್ಲಿ, ಫೋರ್ಟ್ ವಿಲಿಯಂಗೆ ಹತ್ತಿರ ಮನೆ ಮಾಡಿದೆವು. ಮರುವರ್ಷ ಮೇ ತಿಂಗಳ ಮೊದಲ ವಾರ ಒಂದು ಬೆಳಿಗ್ಗೆ ಅಪ್ಪ ಗೇಟಿನ ಹತ್ತಿರ ನಿಂತು ಮೂಗರಳಿಸಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಟು-ಸ್ಟ್ರೋಕ್ ಹೊಗೆಯ ವಾಸನೆ. "ಜಾವಾ ವಾಸನೆ ಕಣೇ" ಅಂತ ಅಮ್ಮನನ್ನು ಕೂಗಿದರು. ಬುಲ್ಟಾಕೊ, ಮಾಂಟೆಸಾ, ಓಸಾ ಎನ್ನುವ ಸ್ಪೇನಿನ ಗಾಡಿಗಳು ಸಾಲಾಗಿ ಹೋಗುತ್ತಿದ್ದವು. ಅದೇ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್. ಆ ಸಂಜೆಯೇ ಅಪ್ಪ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಅದರ ಹಿಂದೆ ಹೋದರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇದು ರೇಸ್ ಅಲ್ಲ. 1909ರಲ್ಲಿ ಐದು ದಿನದ ಸ್ಪರ್ಧೆಯಾಗಿ ಶುರುವಾಗಿ 1911ರಲ್ಲಿ ಆರು ದಿನದ್ದಾಯಿತು. ನಡೆಸುವುದು ಎಡಿನ್‌ಬರೋ ಅಂಡ್ ಡಿಸ್ಟ್ರಿಕ್ಟ್ ಮೋಟಾರ್ ಕ್ಲಬ್. ಸುಮಾರು 275 ಸವಾರರು, ದಿನಕ್ಕೆ ಮೂವತ್ತರಷ್ಟು 'ಸೆಕ್ಷನ್'ಗಳು. ಸೆಕ್ಷನ್ ಅಂದರೆ ಹಳ್ಳದಲ್ಲೋ ಕಡಿದಾದ ಬಂಡೆಗಳ ದಾರಿಯಲ್ಲೋ ಗುರುತು ಹಾಕಿದ ಒಂದು ತುಂಡು ಜಾಗ. ಅದರೊಳಗೆ ಕಾಲು ಊರದೆ ಗಾಡಿ ಹತ್ತಿಸಬೇಕು. ಊರದೆ ದಾಟಿದರೆ ಸೊನ್ನೆ. ಒಂದು ಸಲ ಊರಿದರೆ 1, ಎರಡು ಸಲಕ್ಕೆ 2, ಅದಕ್ಕಿಂತ ಹೆಚ್ಚು ಎಷ್ಟೇ ಸಲವಾದರೂ 3. ಬಿದ್ದರೆ ಅಥವಾ ಗುರುತಿನಾಚೆ ಹೋದರೆ 5. ವಾರದ ಕೊನೆಗೆ ಯಾರ ಲೆಕ್ಕ ಕಡಿಮೆಯೋ ಅವರು ಗೆದ್ದಂತೆ. ಸೆಕ್ಷನ್ನಿನಿಂದ ಸೆಕ್ಷನ್ನಿಗೆ ಕೆಸರು, ಜೌಗು, ರಸ್ತೆ ಎಲ್ಲ ಸೇರಿ ಕೆಲವು ದಿನ ನೂರು ಮೈಲಿಯ ಹತ್ತಿರ ಓಡಿಸಬೇಕಾಗುತ್ತದೆ. ರಾತ್ರಿ ಗಾಡಿಗಳನ್ನೆಲ್ಲ ಒಂದೇ ಆವರಣದೊಳಗೆ ಬಿಟ್ಟು ಹೋಗಬೇಕು, ರಾತ್ರಿಯೆಲ್ಲ ಕೂತು ರಿಪೇರಿ ಮಾಡುವ ಹಾಗಿಲ್ಲ.

ನಾವು ಪಂಕ್ಚರ್ ಅಂಗಡಿಯಲ್ಲಿ "28 ಹಾಕಿ" ಅಂತೀವಲ್ಲ, ಇವರ ಹಿಂದಿನ ಟೈರಿನಲ್ಲಿ ಗಾಳಿ ಇರುವುದು ನಾಲ್ಕೈದು ಅಷ್ಟೇ. ಕೈಯಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ. ಒದ್ದೆ ಬಂಡೆಯ ಮೇಲೆ ಆ ಟೈರು ಹಲ್ಲಿಯ ಪಾದದ ಹಾಗೆ ಅಂಟಿಕೊಂಡು ಮೇಲೇರುವುದನ್ನು ಮೂರಡಿ ದೂರದಿಂದ ನೋಡಬೇಕು. ವಿಡಿಯೊದಲ್ಲಿ ಅದು ಕಾಣುವುದಿಲ್ಲ. ಸವಾರನ ಉಸಿರು ಕೇಳಿಸುವುದಿಲ್ಲ. ಜನ ಗಪ್‌ಚಿಪ್ ಆಗಿ ನಿಂತಿರುತ್ತಾರೆ, ಇಂಜಿನ್ನು ಇನ್ನೇನು ನಿಂತೇ ಹೋಯಿತು ಅನ್ನುವಷ್ಟು ಮೆಲ್ಲಗೆ ಗುಟುರು ಹಾಕುತ್ತಿರುತ್ತದೆ.

ನಾವು ಆ ಸಂಜೆ ಹೋದದ್ದು ಕಿನ್‌ಲಾಕ್‌ಲೆವೆನ್ ಎಂಬ ಊರಿಗೆ. ಅಲ್ಲಿ ಆಗ ಇದ್ದ ಅಲ್ಯೂಮಿನಿಯಂ ಕಾರ್ಖಾನೆಗೆ ಕರೆಂಟು ತಯಾರಿಸಲು ಬ್ಲ್ಯಾಕ್‌ವಾಟರ್ ಅಣೆಕಟ್ಟಿನ ನೀರನ್ನು ದೊಡ್ಡ ದೊಡ್ಡ ಕೊಳವೆಗಳಲ್ಲಿ ಗುಡ್ಡದಿಂದ ಇಳಿಸಿದ್ದಾರೆ. ಆ ಕೊಳವೆಗಳ ಪಕ್ಕದಲ್ಲೇ ಗೋಡೆಯ ಹಾಗೆ ಏರುವ ಕಲ್ಲುದಾರಿಯ ಹೆಸರು ಪೈಪ್‌ಲೈನ್. ಈ ಟ್ರಯಲ್‌ನ ಹೆಸರಾಂತ ಸೆಕ್ಷನ್ನುಗಳಲ್ಲಿ ಅದೂ ಒಂದು. ಆ ವರ್ಷ, 1978ರಲ್ಲಿ, ಮಾರ್ಟಿನ್ ಲ್ಯಾಂಪ್‌ಕಿನ್ ಸತತ ಮೂರನೇ ಸಲ ಗೆದ್ದರು. ಅಪ್ಪನಿಗೆ ಆ ಹೆಸರೆಲ್ಲ ಆಮೇಲೆ ಗೊತ್ತಾಗಿದ್ದು. ಆಮೇಲೆ ಬಿಡಲೇ ಇಲ್ಲ. ಸ್ಯಾಮಿ ಮಿಲ್ಲರ್ ಎಂಬ ಉತ್ತರ ಐರ್ಲೆಂಡಿನ ಸವಾರ ಏರಿಯಲ್ ಎಂಬ ಬ್ರಿಟಿಷ್ ಗಾಡಿ ಬಿಟ್ಟು ಬುಲ್ಟಾಕೊ ಹಿಡಿದು 1965ರಲ್ಲಿ ಗೆದ್ದದ್ದು, ಬ್ರಿಟನ್ನಿನದಲ್ಲದ ಗಾಡಿಯೊಂದು ಇಲ್ಲಿ ಗೆದ್ದದ್ದು ಅದೇ ಮೊದಲು ಎಂಬುದು, ಇದನ್ನೆಲ್ಲ ನಮಗೆ ಊಟಕ್ಕೆ ಕೂತಾಗ ಹೇಳುತ್ತಿದ್ದರು, ಅವರ ಅಜ್ಜಿ ಮಹಾಭಾರತ ಹೇಳುತ್ತಿದ್ದ ಉತ್ಸಾಹದಲ್ಲಿ.

ಎರಡನೇ ವರ್ಷ ಅಪ್ಪ ಅಬ್ಸರ್ವರ್ ಆದರು. ಅಬ್ಸರ್ವರ್ ಎಂದರೆ ಸೆಕ್ಷನ್ನಿನ ಬಳಿ ನಿಂತು ಯಾರು ಎಷ್ಟು ಸಲ ಕಾಲೂರಿದರು ಎಂದು ಬರೆಯುವವರು. ಸಂಬಳವಿಲ್ಲ. ಬೆಳಿಗ್ಗೆ ಬೆಟ್ಟ ಹತ್ತಿದರೆ ಕೊನೆಯ ಸವಾರ ಹೋಗುವವರೆಗೆ ಅಲ್ಲೇ. ಮೇ ತಿಂಗಳಾದರೂ ಬೆನ್ ನೆವಿಸ್ ನೆತ್ತಿಯ ಮೇಲೆ ಹಿಮ ಇರುತ್ತದೆ, ಮಳೆ ಅಡ್ಡಡ್ಡ ಹೊಡೆಯುತ್ತದೆ. ಇಂಥವರು ಸಾಲದಿದ್ದರೆ ಆರು ದಿನದ ಟ್ರಯಲ್ ಒಂದು ದಿನವೂ ನಡೆಯುವುದಿಲ್ಲ. ಅಪ್ಪ ವರ್ಷದ ರಜೆಯಲ್ಲಿ ಒಂದು ವಾರ ಇದಕ್ಕೆಂದೇ ಎತ್ತಿಡುತ್ತಿದ್ದರು. ಮೈಸೂರಿಗೆ ಹೋಗುವ ವರ್ಷಗಳಲ್ಲೂ ಮೇ ಕಳೆದ ಮೇಲೆಯೇ ಟಿಕೆಟ್ಟು. ಅಮ್ಮನಿಗೆ ಇದರಿಂದ ಬೇಸರವಾಗುತ್ತಿತ್ತು, ಊರಿನ ಮಾವಿನ ಹಣ್ಣೆಲ್ಲ ಅಷ್ಟರಲ್ಲಿ ಮುಗಿಯುತ್ತಾ ಬಂದಿರುತ್ತಿತ್ತು. ಆದರೂ ಬೆಳಿಗ್ಗೆ ಐದಕ್ಕೆದ್ದು ಚಿತ್ರಾನ್ನ ಕಲೆಸಿ, ಫ್ಲಾಸ್ಕಿನ ತುಂಬ ಬಿಸಿ ಸಾರು ಹಾಕಿ ಕೊಡುತ್ತಿದ್ದರು. ಜೊತೆಯ ಅಬ್ಸರ್ವರ್ ಒಬ್ಬರು, ಕುರಿ ಸಾಕುವ ಮುದುಕರು, ಮೊದಲ ಸಲ ಫ್ಲಾಸ್ಕಿನ ಮುಚ್ಚಳದಲ್ಲಿ ಆ ಸಾರು ಕುಡಿದು ಕಣ್ಣಲ್ಲಿ ನೀರು ತಂದುಕೊಂಡಿದ್ದರು. ಮರುದಿನ ಅವರೇ ತಮ್ಮ ಮಗ್ ತಂದರು.

ಬರೆಯುತ್ತಿದ್ದುದು ಪೆನ್ಸಿಲ್‌ನಲ್ಲಿ. ಹಾಳೆಯಿಟ್ಟ ರಟ್ಟನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಕೈಯನ್ನೂ ಅದರೊಳಗೇ ತೂರಿಸಿ ಬರೆಯುತ್ತಿದ್ದರು. ಉಸಿರಿನ ಹಬೆಗೆ ಚೀಲ ಮಂಜಾದರೆ ಒರೆಸುವ ಕೆಲಸ ನನ್ನದು. ಗಾಡಿಯ ಮುಂದಿನ ನಂಬರನ್ನು ಜೋರಾಗಿ ಓದಿ ಹೇಳುವುದೂ ನನ್ನದೇ. "ಕಾಲು ನೋಡ್ಬೇಕು ಪುಟ್ಟಿ, ಮುಖ ನೋಡ್ಬಾರ್ದು" ಎನ್ನುತ್ತಿದ್ದರು. ಮುಖ ನೋಡಿದರೆ ಪಾಪ ಅನ್ನಿಸುತ್ತದಂತೆ.

1982ರಲ್ಲಿ ನಡೆದದ್ದೊಂದನ್ನು ಹೇಳಬೇಕು. ಆಗ ನನಗೆ ಹನ್ನೊಂದು. ಮಾಮೋರ್ ಬೆಟ್ಟದ ಬದಿಯ ಒಂದು ಹಳ್ಳ. ನಾನು ಆಚೆ ದಡದಲ್ಲಿದ್ದೆ, ಅಪ್ಪ ಈಚೆ. ಸುತ್ತಲಿನ ಊರಿನವನೇ ಆದ ಒಬ್ಬ ಹುಡುಗ ಬಂದ. ನಡುವಿನ ದೊಡ್ಡ ಬಂಡೆಯ ಹತ್ತಿರ ಗಾಡಿ ನನ್ನ ಕಡೆಗೆ ವಾಲಿತು, ಕಟಕ್ ಎಂದು ಸದ್ದಾಯಿತು, ನೆಟ್ಟಗಾಗಿ ಮೇಲೆ ಹೋಗಿಯೇ ಬಿಟ್ಟ. ಅಪ್ಪ ಒಂದು ಬೆರಳು ಎತ್ತಿ ತೋರಿಸಿ 1 ಬರೆದರು. ಹುಡುಗ ತಿರುಗಿ ನೋಡಿದ, ಏನೋ ಹೇಳಲು ಬಾಯಿ ತೆರೆದ, ಹಿಂದೆ ಇನ್ನೊಬ್ಬ ಬರುತ್ತಿದ್ದ, ಹೊರಟುಹೋದ.

ಒಂದು ಗಂಟೆ ಕಳೆದು ಸಾರು ಕುಡಿಯುತ್ತಾ ಕೂತಾಗ ನಾನು ಹೇಳಿದೆ: "ಅಪ್ಪ, ಆ ಹುಡುಗ ಕಾಲು ಊರಲಿಲ್ಲ. ತಗುಲಿದ್ದು ಫುಟ್‌ರೆಸ್ಟು."

ಅಪ್ಪ ಮಗ್ ಕೆಳಗಿಟ್ಟರು. ಇಬ್ಬರೂ ನೀರಿಗಿಳಿದು ಆ ಬಂಡೆ ನೋಡಿದೆವು. ಪಾಚಿಯ ನಡುವೆ ಬೆಳ್ಳಗೆ ಹೊಳೆಯುವ ಒಂದು ಗೀರು, ನನ್ನ ಬೆರಳಿನಷ್ಟು ಉದ್ದ. ನನಗೆ ಖುಷಿಯಾಯಿತು, ಸಾಕ್ಷಿ ಸಿಕ್ಕಿತೆಂದು. ಅಪ್ಪ ತಲೆಯಾಡಿಸಿದರು. "ಇಷ್ಟು ಹೊತ್ತಲ್ಲಿ ಎಷ್ಟು ಜನ ಹೋದ್ರು, ಇದು ಯಾರದ್ದೋ. ಗೀರು ಬಿಡು. ನೀನು ನೋಡಿದ್ದು ಏನು, ಸರಿಯಾಗಿ ಹೇಳು." ಹೇಳಿದೆ. ಎರಡು ಸಲ ಹೇಳಿಸಿದರು. ಆಮೇಲೆ ತಾವು ನಿಂತಿದ್ದ ಜಾಗಕ್ಕೆ ಹೋಗಿ, ನನ್ನನ್ನು ಆ ಬಂಡೆಯ ಪಕ್ಕ ನಿಲ್ಲಿಸಿ ನೋಡಿದರು. ನನ್ನ ಮೊಣಕಾಲಿನ ಕೆಳಗೆ ಏನೂ ಕಾಣುತ್ತಿರಲಿಲ್ಲ.

"ನಂಗೆ ಆ ಕಡೆ ಕಾಲು ಕಂಡೇ ಇಲ್ಲ" ಎಂದರು. "ಸದ್ದು ಕೇಳಿ ಬರೆದ್ಬಿಟ್ಟಿದೀನಿ."

ಸಂಜೆ ಹಾಳೆ ತೆಗೆದುಕೊಳ್ಳಲು ಬಂದವರಿಗೆ ನಡೆದದ್ದನ್ನು ಇದ್ದ ಹಾಗೆ ಹೇಳಿದರು. 1ನ್ನು ಹೊಡೆದು ಸೊನ್ನೆ ಬರೆದು ಪಕ್ಕದಲ್ಲಿ ಸಹಿ ಹಾಕಿದರು. ಅವರು ನನ್ನ ಕಡೆಗೊಮ್ಮೆ ನೋಡಿ ಹಾಳೆ ಮಡಚಿಟ್ಟುಕೊಂಡರು. ಆ ಹುಡುಗನಿಗೆ ಇದು ಗೊತ್ತಾಯಿತೋ ಇಲ್ಲವೋ. ಅವನೇನೂ ಮುಂದಿನ ಸಾಲಿನಲ್ಲಿ ಇದ್ದವನಲ್ಲ, ಒಂದು ಅಂಕದಿಂದ ಯಾವ ಬಹುಮಾನವೂ ಅತ್ತಿತ್ತ ಆಗುತ್ತಿರಲಿಲ್ಲ. ಆದರೂ ಅಪ್ಪ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಆರು ದಿನ ಮಳೆಯಲ್ಲಿ ನೆನೆದು, ನೂರಾರು ಬಂಡೆ ಹತ್ತಿ ಬಂದವನ ಕಾಲನ್ನು ನೋಡುವುದೊಂದೇ ತನ್ನ ಕೆಲಸ, ಅದನ್ನೂ ನೋಡಲಿಲ್ಲ ಎಂಬುದು ಅವರನ್ನು ಕೊರೆಯುತ್ತಿತ್ತು.

ಮರುವರ್ಷದಿಂದ ಅವರು ಸೆಕ್ಷನ್ ಶುರುವಾಗುವುದಕ್ಕೆ ಎರಡು ಗಂಟೆ ಮೊದಲೇ ಹೋಗತೊಡಗಿದರು. ನಾನು ಗುರುತುಗಳ ನಡುವೆ ಮೆಲ್ಲಗೆ ನಡೆಯಬೇಕು, ಅವರು ಒಂದೊಂದು ಕಲ್ಲಿನ ಮೇಲೂ ನಿಂತು ನನ್ನ ಎರಡೂ ಪಾದ ಕಾಣುತ್ತವೆಯೇ ಎಂದು ನೋಡಬೇಕು. ಯಾವ ಕಲ್ಲಿನಿಂದಲೂ ಕಾಣದಿದ್ದರೆ ನೀರಿನೊಳಗೇ ನಿಲ್ಲುತ್ತಿದ್ದರು. ನಾಲ್ಕೈದು ಗಂಟೆ ಮೊಣಕಾಲಿನವರೆಗೆ ಹಿಮ ಕರಗಿದ ನೀರು. ಮನೆಗೆ ಬಂದರೆ ಬೂಟು ಬಿಚ್ಚಲು ಬೆರಳು ಬಗ್ಗುತ್ತಿರಲಿಲ್ಲ. ಅಮ್ಮ ಬಿಸಿನೀರಿನ ಬೋಗುಣಿ ಮುಂದಿಟ್ಟು ಮಾತಾಡದೆ ಒಳಗೆ ಹೋಗುತ್ತಿದ್ದರು.

ತಾವೂ ಓಡಿಸಿದರು. ಹಳೆಯ ಬಿಎಸ್ಎ ಬ್ಯಾಂಟಮ್ ಒಂದನ್ನು ತಂದು, ಬಿಚ್ಚಿ, ಜೋಡಿಸಿ, ಭಾನುವಾರದ ಸಣ್ಣ ಟ್ರಯಲ್‌ಗಳಿಗೆ ಹೋಗುತ್ತಿದ್ದರು. ಆದರೆ ಅವರ ಮನಸ್ಸಿದ್ದದ್ದು ದಡದಲ್ಲಿ.

ಮಾರ್ಟಿನ್ ಲ್ಯಾಂಪ್‌ಕಿನ್ ಅವರ ಮಗ ಡೂಗಿ ಲ್ಯಾಂಪ್‌ಕಿನ್ 1997ರಿಂದ 2003ರವರೆಗೆ ಸತತ ಏಳು ಸಲ ವಿಶ್ವ ಚಾಂಪಿಯನ್ ಆದರು, ಸಿಕ್ಸ್ ಡೇಸ್ ಅನ್ನು ಹತ್ತಕ್ಕೂ ಹೆಚ್ಚು ಸಲ ಗೆದ್ದಿದ್ದಾರೆ. ಅಪ್ಪ, ಮಗ ಇಬ್ಬರ ಕಾಲಿನ ಲೆಕ್ಕವನ್ನೂ ಬರೆದಿದ್ದೇನೆ ಎಂದು ನಮ್ಮಪ್ಪ ಹೇಳುವಾಗ ಅವರ ದನಿ ಬದಲಾಗುತ್ತದೆ. ನಿವೃತ್ತಿಯಾಗಿ ಮೈಸೂರಿಗೆ ಹೋಗಿ ಹತ್ತು ವರ್ಷದ ಮೇಲಾಯಿತು. ಕುವೆಂಪುನಗರದ ಮನೆಯಲ್ಲಿ ಇದ್ದಾರೆ, ಮಂಡಿ ನೋವು ಬಹಳ.

ಈಗ ಮೇ ತಿಂಗಳಲ್ಲಿ ಬೆಟ್ಟ ಹತ್ತುವುದು ನಾನು. ಹೋದ ಸಲ ಸೆಕ್ಷನ್ ಶುರುವಾಗುವ ಮುಂಚೆ ಸಿಗ್ನಲ್ ಸಿಕ್ಕಿತೆಂದು ವಿಡಿಯೊ ಕಾಲ್ ಮಾಡಿ ಹಳ್ಳ ತೋರಿಸಿದೆ. ಮಳೆ ಇದೆಯಾ, ಚಳಿ ಎಷ್ಟು, ಏನು ತಿಂದೆ ಎಂದು ಏನೂ ಕೇಳಲಿಲ್ಲ. ಕನ್ನಡಕ ಸರಿಮಾಡಿಕೊಂಡು ಸುಮಾರು ಹೊತ್ತು ನೋಡಿದರು.

"ನೀನು ಎಲ್ಲಿ ನಿಂತಿದೀಯ?"

ತೋರಿಸಿದೆ.

"ಅಲ್ಲಿಂದ ಎಡಗಾಲು ಕಾಣುತ್ತಾ?"

ಜೊತೆಯಲ್ಲಿದ್ದವರನ್ನು ಬಂಡೆಯ ಹತ್ತಿರ ನಿಲ್ಲಲು ಹೇಳಿ ನೋಡಿದೆ. ಫೋನನ್ನು ಜೇಬಿಗೆ ಹಾಕಿಕೊಂಡು ನೀರಿಗಿಳಿದೆ.