ಮಲೆನಾಡಿನ ಮಳೆಗಾಲದಲ್ಲಿ ಸೋಲಾರ್ ಕೈಗಡಿಯಾರ ನಡೆಯುತ್ತದೆಯೇ? ಎತ್ತರ, ಒತ್ತಡ, ದಿಕ್ಕು ತೋರಿಸುವ ಮಾದರಿಗೆ ಅಷ್ಟು ಹಣ ಕೊಡಬಹುದೇ?

ಶಿರಸಿಯಲ್ಲಿ ಮಳೆಗಾಲವಿಡೀ ಮೋಡ ಕವಿದಿರುತ್ತದೆ, ಸೋಲಾರ್ ವಾಚ್ ನಿಂತುಹೋಗುವುದಿಲ್ಲವೇ ಎಂದು ಕೇಳಿದ್ದೀರಿ. ಅದರಲ್ಲಿರುವ ಸೆನ್ಸರ್‌ಗಳು ನಿಜಕ್ಕೂ ಉಪಯೋಗಕ್ಕೆ ಬರುತ್ತವೆಯೇ, 15-20 ಸಾವಿರ ರೂಪಾಯಿಗೆ ಸ್ಮಾರ್ಟ್‌ವಾಚ್ ಕೊಳ್ಳುವುದೇ ಮೇಲಲ್ಲವೇ ಎಂದೂ ಕೇಳಿದ್ದೀರಿ. ಮೊದಲನೆಯದಕ್ಕೆ ಉತ್ತರ ಸುಲಭ: ನಿಲ್ಲುವುದಿಲ್ಲ. ಉಳಿದವಕ್ಕೆ ಸ್ವಲ್ಪ ಉದ್ದವಾಗಿ ಬರೆಯಬೇಕು.

ನಾನು ಕೊಪ್ಪ ಕಡೆಯ ಅಡಿಕೆ ಬೆಳೆಗಾರ. ಕ್ಯಾಸಿಯೋ ಕಂಪನಿಯ ಪ್ರೊ ಟ್ರೆಕ್ ಸರಣಿಯ, ಮೂರು ಸೆನ್ಸರ್‌ಗಳಿರುವ ಗಡಿಯಾರವನ್ನು ಹಲವು ಮಳೆಗಾಲಗಳಿಂದ ಕಟ್ಟಿಕೊಂಡು ಓಡಾಡುತ್ತಿದ್ದೇನೆ. ತೋಟಕ್ಕೂ ಅದೇ, ಮದುವೆಮನೆಗೂ ಅದೇ. ಎರಡನೆಯದಕ್ಕೆ ಮನೆಯಲ್ಲಿ ಆಕ್ಷೇಪವಿದೆ, ಅದು ಬೇರೆ ಮಾತು.

ಈ ಗಡಿಯಾರಗಳಿಗೆ ಬೇಕಾಗಿರುವುದು ಬೆಳಕು, ಬಿಸಿಲೇ ಆಗಬೇಕೆಂದಿಲ್ಲ. ಒಂದು ದಿನ ನಡೆಯಲು ಬೇಕಾಗುವಷ್ಟು ಶಕ್ತಿ ತುಂಬಲು ನೇರ ಬಿಸಿಲಿನಲ್ಲಿ, ಅಂದರೆ ಸುಮಾರು 50,000 ಲಕ್ಸ್ ಬೆಳಕಿನಲ್ಲಿ, 5 ನಿಮಿಷ ಸಾಕು ಎಂದು ಕಂಪನಿಯ ಕೈಪಿಡಿ ಹೇಳುತ್ತದೆ. ಮೋಡದ ದಿನ ಕಿಟಕಿಯ ಬಳಿ ಇಟ್ಟರೆ 48 ನಿಮಿಷ, ಟ್ಯೂಬ್‌ಲೈಟ್ ಕೆಳಗಾದರೆ 8 ಗಂಟೆ. ಮಾದರಿಯಿಂದ ಮಾದರಿಗೆ ಲೆಕ್ಕ ತುಸು ಬದಲಾಗುತ್ತದೆ, ಆದರೆ ಅಂದಾಜು ಇಷ್ಟೇ. ಆಷಾಢದ ಕಪ್ಪು ಮೋಡದ ಕೆಳಗೂ ಹೊರಗಿನ ಬೆಳಕು ಮನೆಯೊಳಗಿನ ದೀಪಕ್ಕಿಂತ ಹಲವು ಪಟ್ಟು ಹೆಚ್ಚಿರುತ್ತದೆ. ಕಣ್ಣು ಹೊಂದಿಕೊಂಡುಬಿಡುವುದರಿಂದ ನಮಗೆ ಅದು ತಿಳಿಯುವುದಿಲ್ಲ. ಮಳೆಗಾಲದಲ್ಲಿ ಚಾರ್ಜ್ ಇಳಿಯುವುದು ಮೋಡದಿಂದಲ್ಲ, ರೈನ್‌ಕೋಟಿನ ತೋಳಿನಿಂದ. ಬೆಳಿಗ್ಗೆ ತೋಳಿನೊಳಗೆ ಹೋದ ಗಡಿಯಾರ ಸಂಜೆಯವರೆಗೂ ಹೊರಗೆ ಬರುವುದಿಲ್ಲ. ಊಟಕ್ಕೆ ಬಂದಾಗ ಬಿಚ್ಚಿ ಜಗಲಿಯ ಕಟ್ಟೆಯ ಮೇಲೆ ಮುಖ ಮೇಲಾಗಿ ಇಟ್ಟರೆ ಸಾಕು. ಬೇಗ ತುಂಬಲಿ ಎಂದು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡಬೇಡಿ, ಆ ಶಾಖ ಒಳಗಿನ ಸೆಲ್ಲನ್ನು ಹಾಳುಮಾಡುತ್ತದೆ.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ರಾತ್ರಿ ಕತ್ತಲಲ್ಲಿ ಒಂದು ಗಂಟೆ ಹೊತ್ತು ಅಲುಗದೆ ಬಿದ್ದಿದ್ದರೆ ಪರದೆ ಖಾಲಿಯಾಗುತ್ತದೆ. ಅದು ಕೆಟ್ಟಿಲ್ಲ, ಮಲಗಿದೆ. ಬೆಳಕಿಗೆ ತಂದರೆ ಅಥವಾ ಒಂದು ಗುಂಡಿ ಒತ್ತಿದರೆ ಸರಿಯಾದ ಸಮಯದೊಂದಿಗೆ ಏಳುತ್ತದೆ. ಇದು ತಿಳಿಯದೆ ಅಂಗಡಿಗೆ ವಾಪಸು ಕೊಂಡೊಯ್ಯುವವರಿದ್ದಾರೆ.

ಈಗ ಎತ್ತರದ ವಿಚಾರ. ಗಡಿಯಾರ ಅಳೆಯುವುದು ಎತ್ತರವನ್ನಲ್ಲ, ಗಾಳಿಯ ಒತ್ತಡವನ್ನು. ಮೇಲೆ ಹೋದಂತೆ ಒತ್ತಡ ಇಳಿಯುತ್ತದೆ. ನಮ್ಮ ಬೆಟ್ಟಗಳ ಮಟ್ಟದಲ್ಲಿ ಸುಮಾರು 9-10 ಮೀಟರಿಗೆ ಒಂದು ಹೆಕ್ಟೋಪಾಸ್ಕಲ್ (ಗಾಳಿಯ ಒತ್ತಡ ಅಳೆಯುವ ಮಾನ). ಆ ಇಳಿಕೆಯನ್ನು ಒಂದು ಸಿದ್ಧ ಸೂತ್ರಕ್ಕೆ ಹಾಕಿ ಎತ್ತರ ಹೇಳುತ್ತದೆ. ಸಮುದ್ರ ಮಟ್ಟದಲ್ಲಿ ಉಷ್ಣಾಂಶ 15 ಡಿಗ್ರಿ, ಪ್ರತಿ ಕಿಲೋಮೀಟರಿಗೆ ಆರೂವರೆ ಡಿಗ್ರಿ ಇಳಿಕೆ ಎಂಬುದು ಆ ಸೂತ್ರದ ಊಹೆ. ನಮ್ಮಲ್ಲಿ 15 ಡಿಗ್ರಿ ಎಂದರೆ ಪುಷ್ಯದ ಬೆಳಗಿನ ಜಾವ ಕಂಬಳಿ ಹೊದ್ದು ಕೂರುವ ಚಳಿ! ಬಿಸಿಯಾದ ಗಾಳಿ ಹಗುರ, ಹಾಗಾಗಿ ಅಷ್ಟೇ ಎತ್ತರ ಹತ್ತಿದರೂ ಒತ್ತಡ ಕಡಿಮೆ ಇಳಿಯುತ್ತದೆ, ಗಡಿಯಾರ ಎತ್ತರವನ್ನು ಕಡಿಮೆ ಹೇಳುತ್ತದೆ. ಕುಕ್ಕೆಯಲ್ಲಿ ಸರಿಯಾಗಿ ಹೊಂದಿಸಿಕೊಂಡು 1,712 ಮೀಟರ್ ಎತ್ತರದ ಕುಮಾರಪರ್ವತ ಹತ್ತಿದರೂ ತುದಿಯಲ್ಲಿ 70 ಮೀಟರ್ ಆಸುಪಾಸು ಕಡಿಮೆ ತೋರಿಸುತ್ತದೆ. ‘ಇಷ್ಟು ಹಣ ಕೊಟ್ಟ ವಾಚ್ ಸುಳ್ಳು ಹೇಳುತ್ತದೆ’ ಎಂದು ಬೈದವರನ್ನು ಕಂಡಿದ್ದೇನೆ. ಬೆಟ್ಟ ಹತ್ತುವಾಗ ಮಧ್ಯೆ ಎತ್ತರ ಗೊತ್ತಿರುವ ಜಾಗ ಸಿಕ್ಕಿದರೆ ಅಲ್ಲಿ ಮತ್ತೊಮ್ಮೆ ಹೊಂದಿಸಿಕೊಳ್ಳಬೇಕು, ಅಷ್ಟೇ. ಹೊಂದಿಸಲು ಒಳ್ಳೆಯ ಜಾಗವೆಂದರೆ ರೈಲು ನಿಲ್ದಾಣ. ಪ್ಲಾಟ್‌ಫಾರ್ಮಿನ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಎಂದು ಬರೆದಿರುತ್ತದೆ. ಆ ಸಂಖ್ಯೆಗೆ ಬೇರೆ ಉಪಯೋಗವಿದೆಯೆಂದು ನನಗಂತೂ ಅಲ್ಲಿಯವರೆಗೆ ಅನ್ನಿಸಿರಲಿಲ್ಲ.

ನನಗೆ ಕೊಟ್ಟ ಹಣ ವಸೂಲಾದದ್ದು ಒತ್ತಡಮಾಪಕದಿಂದ. ಗಡಿಯಾರ ಎರಡು ಗಂಟೆಗೊಮ್ಮೆ ತಾನಾಗಿ ಒತ್ತಡ ಅಳೆದು ಪರದೆಯ ಮೂಲೆಯಲ್ಲಿ ಚುಕ್ಕೆ ಇಡುತ್ತ ಹೋಗುತ್ತದೆ. ಕೊಂಡ ಹೊಸದರಲ್ಲಿ ಎಲ್ಲರೂ ಮಾಡುವುದೆಂದರೆ, ಮಧ್ಯಾಹ್ನ ಚುಕ್ಕೆಗಳು ಇಳಿಯುವುದನ್ನು ಕಂಡು ‘ಸಂಜೆಗೆ ಮಳೆ’ ಎಂದು ಘೋಷಿಸುವುದು. ಮಳೆ ಬರುವುದಿಲ್ಲ. ಮರುದಿನವೂ ಇಳಿಯುತ್ತದೆ, ಅದರ ಮರುದಿನವೂ ಇಳಿಯುತ್ತದೆ. ನಮ್ಮ ಉಷ್ಣವಲಯದಲ್ಲಿ ಗಾಳಿಯ ಒತ್ತಡಕ್ಕೆ ದಿನಕ್ಕೆ ಎರಡು ಭರತ, ಎರಡು ಇಳಿತ ಇವೆ: ಬೆಳಿಗ್ಗೆ ಹತ್ತರ ಹೊತ್ತಿಗೆ ಏರಿ, ಸಂಜೆ ನಾಲ್ಕಕ್ಕೆ ಇಳಿದು, ರಾತ್ರಿ ಹತ್ತಕ್ಕೆ ಮತ್ತೆ ಏರಿ, ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ಇಳಿಯುತ್ತದೆ. ಬೆಳಗಿನ ಏರಿಗೂ ಸಂಜೆಯ ಇಳಿತಕ್ಕೂ ಮೂರು-ನಾಲ್ಕು ಹೆಕ್ಟೋಪಾಸ್ಕಲ್ ವ್ಯತ್ಯಾಸ ಬರುತ್ತದೆ. ಎತ್ತರದ ಲೆಕ್ಕದಲ್ಲಿ ಅದು ಸುಮಾರು 30 ಮೀಟರ್, ಅಂದರೆ ಮೇಜಿನ ಮೇಲೆ ಬಿಚ್ಚಿಟ್ಟ ಗಡಿಯಾರದ ಪ್ರಕಾರ ನಮ್ಮ ಮನೆ ಪ್ರತಿ ಸಂಜೆ 30 ಮೀಟರ್ ಗುಡ್ಡ ಹತ್ತುತ್ತದೆ. ತಂಪು ದೇಶಗಳಲ್ಲಿ ಈ ದಿನನಿತ್ಯದ ಏರಿಳಿತ ತೀರಾ ಸಣ್ಣದು, ಅಲ್ಲಿನ ಹವಾಮಾನ ತರುವ ಬದಲಾವಣೆಯೇ ದೊಡ್ಡದು. ‘ಒತ್ತಡ ಇಳಿದರೆ ಕೆಟ್ಟ ಹವೆ’ ಎಂಬ ಸರಳ ಸೂತ್ರ ಅಲ್ಲಿನವರಿಗಾಗಿ ಬರೆದದ್ದು.

ನಮ್ಮಲ್ಲಿ ಓದುವ ಕ್ರಮವೇ ಬೇರೆ. ಇಂದು ಬೆಳಿಗ್ಗೆ ಹತ್ತರ ಅಂಕಿಯನ್ನು ನಿನ್ನೆ ಬೆಳಿಗ್ಗೆ ಹತ್ತರ ಅಂಕಿಯ ಜೊತೆ ಮಾತ್ರ ಹೋಲಿಸಬೇಕು. ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲಿರುವ ನಮ್ಮಲ್ಲಿ ಅದು 925ರ ಆಸುಪಾಸು ಇರುತ್ತದೆ. ಪತ್ರಿಕೆಯಲ್ಲಿ 1,010 ಎಂದು ಓದಿ ಗಾಬರಿಯಾಗಬೇಡಿ, ಅವರದು ಸಮುದ್ರ ಮಟ್ಟಕ್ಕೆ ತಂದ ಲೆಕ್ಕ. ದಿನದಿಂದ ದಿನಕ್ಕೆ ಒಂದೆರಡು ಅಂಕಿ ಅತ್ತಿತ್ತ ಆಗುವುದು ಸಹಜ. ಅದೇ ಹೊತ್ತಿನ ಅಂಕಿ ಮೂರಕ್ಕಿಂತ ಹೆಚ್ಚು ಇಳಿದು, ಮಾರನೆಯ ದಿನವೂ ಏಳದಿದ್ದರೆ ಎಲ್ಲೋ ವಾಯುಭಾರ ಕುಸಿತವಾಗಿದೆ ಎಂದು ಅನುಮಾನಿಸಬಹುದು. ಅಡಿಕೆಯವರಿಗೆ ಇದು ಬೇಕಾಗುವುದು ನವೆಂಬರ್-ಡಿಸೆಂಬರಿನಲ್ಲಿ. ಸುಲಿದು ಬೇಯಿಸಿದ ಅಡಿಕೆ ಅಂಗಳದಲ್ಲಿ ಹರಡಿರುತ್ತದೆ, ಬಂಗಾಳ ಕೊಲ್ಲಿಯಲ್ಲಿ ಒಂದು ಕುಸಿತ ಎದ್ದರೆ ಇಲ್ಲಿ ಮೂರು ದಿನ ಮೋಡ, ಜಿಟಿಜಿಟಿ ಮಳೆ. ಒಮ್ಮೆ ನೆನೆದು ಬೂಷ್ಟು ಹಿಡಿದರೆ ಆ ಅಡಿಕೆಗೆ ಮಂಡಿಯಲ್ಲಿ ಬೆಲೆ ಕೇಳುವುದೇ ಬೇಡ. ಗಡಿಯಾರ ಕಂಡು ಟಾರ್ಪಾಲು ಎಳೆಯುತ್ತೇನೆ ಎಂದಲ್ಲ. ಅಂಕಿ ಇಳಿದಾಗ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಮರೆಯದೆ ನೋಡುತ್ತೇನೆ, ಆವತ್ತು ಹೊಸ ಹಂಡೆಗೆ ಬೆಂಕಿ ಹಾಕಿಸುವುದಿಲ್ಲ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯನ್ನು ಮಾತ್ರ ಇದರಿಂದ ಊಹಿಸಲಾಗದು. ಅದು ಪಕ್ಕದ ಗುಡ್ಡದ ಮೇಲೆ ಎರಡು ಗಂಟೆಯೊಳಗೆ ಹುಟ್ಟುವ ಮಳೆ, ಒತ್ತಡಮಾಪಕಕ್ಕೆ ಸುಳಿವೇ ಕೊಡುವುದಿಲ್ಲ. ಜುಲೈಯಲ್ಲಂತೂ ನೋಡುವುದೇ ವ್ಯರ್ಥ. ಮಳೆ ಬರುತ್ತದೆ ಎಂದು ತಿಳಿಯಲು ಜುಲೈಯಲ್ಲಿ ಯಂತ್ರ ಬೇಕೇ?

ದಿಕ್ಸೂಚಿ ಚೆನ್ನಾಗಿದೆ. ಬೈಕಿನ ಮೇಲೆ ಕುಳಿತು, ಕೈಯಲ್ಲಿ ಕತ್ತಿ ಹಿಡಿದು ನೋಡದಿದ್ದರೆ ಆಯಿತು. ಅಯಸ್ಕಾಂತದ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಮ್ಮ ಕಡೆ ಇರುವ ಅಂತರ ಬಹಳ ಚಿಕ್ಕದು, ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಉಷ್ಣಮಾಪಕವನ್ನು ಇಲ್ಲವೆಂದೇ ತಿಳಿಯಿರಿ: ಕೈಯಲ್ಲಿದ್ದಷ್ಟು ಹೊತ್ತೂ ಅದು ನಿಮ್ಮ ಮೈ ಬಿಸಿ ಸೇರಿಸಿಯೇ ಹೇಳುತ್ತದೆ, ಬಿಚ್ಚಿಟ್ಟು ಅರ್ಧ ಗಂಟೆ ಕಾದರೆ ಸರಿಯಾದ ಅಂಕಿ ಸಿಗುತ್ತದೆ.

ಸ್ಮಾರ್ಟ್‌ವಾಚ್ ಕೆಟ್ಟದ್ದೆಂದು ಹೇಳಲಾರೆ. ನಡೆದ ದಾರಿಯ ನಕ್ಷೆ, ಹೃದಯ ಬಡಿತ, ಫೋನಿನ ಸಂದೇಶ ಬೇಕಿದ್ದರೆ ಅದನ್ನೇ ಕೊಳ್ಳಿ. ಅವುಗಳಲ್ಲೂ ಸೋಲಾರ್ ಮಾದರಿಗಳು ಬಂದಿವೆ, ಆದರೆ ಜಾಹೀರಾತಿನ ಕೆಳಗಿನ ಸಣ್ಣಕ್ಷರ ಓದಬೇಕು. 2022ರಲ್ಲಿ ಬಂದ ಗಾರ್ಮಿನ್ ಇನ್‌ಸ್ಟಿಂಕ್ಟ್ 2 ಸೋಲಾರ್‌ಗೆ ಬ್ಯಾಟರಿ ಮುಗಿಯುವ ಮಾತೇ ಇಲ್ಲ ಎಂದು ಕಂಪನಿ ಹೇಳಿಕೊಂಡಿತ್ತು. ಷರತ್ತು, ದಿನಕ್ಕೆ ಮೂರು ಗಂಟೆ 50,000 ಲಕ್ಸ್ ಬೆಳಕು. ರಾಯಚೂರಿನಲ್ಲಿ ಅದು ನಡೆದೀತು. ಶಿರಸಿಯ ಜೂನ್‌ನಲ್ಲಿ ಅಷ್ಟು ಬಿಸಿಲನ್ನು ಎಲ್ಲಿಂದ ತರುತ್ತೀರಿ? ಸಾಧಾರಣ ಸೋಲಾರ್ ಗಡಿಯಾರ ಖರ್ಚು ಮಾಡುವ ವಿದ್ಯುತ್ತೇ ಅತ್ಯಲ್ಪ, ಅದಕ್ಕೇ ಅದು ಮಂಕು ಬೆಳಕಿನಲ್ಲೂ ಬದುಕುತ್ತದೆ. ಸೆನ್ಸರ್ ಏನೂ ಬೇಡ, ಸೆಲ್ ಬದಲಿಸುವ ರಗಳೆ ತಪ್ಪಿದರೆ ಸಾಕು ಎನ್ನುವವರಾದರೆ ಸಿಟಿಜನ್ ಕಂಪನಿಯ ಇಕೋ-ಡ್ರೈವ್ ನೋಡಿ. ಬೆಳಕಿನಿಂದ ನಡೆಯುವ ಮುಳ್ಳಿನ ಗಡಿಯಾರವನ್ನು ಅವರು 1976ರಲ್ಲೇ ತಂದಿದ್ದರು. ಬೆಂಗಳೂರಿನಲ್ಲಿ 1961ರಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆಗೆ ಕೈಜೋಡಿಸಿದವರೂ ಅವರೇ.

ಕೊಳ್ಳುವಾಗ ರೇಡಿಯೋ ಸಂಕೇತ ಹಿಡಿದು ತಾನಾಗಿ ಸಮಯ ತಿದ್ದಿಕೊಳ್ಳುವ ಮಾದರಿಗೆ ಹೆಚ್ಚು ಹಣ ಕೊಡಬೇಡಿ. ಆ ಸಂಕೇತ ಬಿತ್ತರವಾಗುವುದು ಜಪಾನ್, ಚೀನಾ, ಅಮೆರಿಕ, ಬ್ರಿಟನ್, ಜರ್ಮನಿಗಳಿಂದ. ನಮಗೆ ಹತ್ತಿರದ್ದೆಂದರೆ ಚೀನಾದ ಶಾಂಗ್‌ಚಿಯು ಕೇಂದ್ರ, ಅದೂ ನಾಲ್ಕು ಸಾವಿರ ಕಿಲೋಮೀಟರಿಗಿಂತ ಆಚೆ. ಇಲ್ಲಿಗೆ ಅದು ಮುಟ್ಟುವುದಿಲ್ಲ. ತಿಂಗಳಿಗೆ 15 ಸೆಕೆಂಡಿನೊಳಗೆ ಬರುವ ವ್ಯತ್ಯಾಸವನ್ನು ಫೋನ್ ನೋಡಿ ಕೈಯಲ್ಲೇ ತಿದ್ದಬಹುದು. ಗಡಿಯಾರದೊಳಗಿನ ಊರುಗಳ ಪಟ್ಟಿಯಲ್ಲಿ ದೆಹಲಿಯನ್ನು (DEL) ಆರಿಸಿದರೆ ನಮ್ಮ ಸಮಯ ಬರುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಂಕಿಯ ಪರದೆ ಅಂಗಡಿಯಲ್ಲಿ ಚಂದ, ತೋಟದ ನೆರಳಿನಲ್ಲಿ ಕಣ್ಣಿಗೆ ಕಾಣದು. ತಿಳಿ ಹಿನ್ನೆಲೆಯದನ್ನೇ ಆರಿಸಿ.

ವರ್ಷಗಳ ಮೇಲೆ ಒಳಗಿನ ಸೆಲ್ ಮುದಿಯಾಗುತ್ತದೆ, ಎಷ್ಟು ಬೆಳಕು ತೋರಿಸಿದರೂ ಚಾರ್ಜ್ ನಿಲ್ಲುವುದಿಲ್ಲ. ಆಗ ಎಚ್ಚರ ಬೇಕು. ನನ್ನದರಲ್ಲಿರುವುದು ಸಿಟಿಎಲ್ 1616, ಮತ್ತೆ ಮತ್ತೆ ಚಾರ್ಜ್ ಆಗುವ ಸೆಲ್. ಸಿಆರ್ 1616 ಎಂಬ ಸಾಮಾನ್ಯ ಸೆಲ್ ಕೂಡ ಅದೇ ಗಾತ್ರದ್ದು, 16 ಮಿಲಿಮೀಟರ್ ಅಗಲ, 1.6 ಮಿಲಿಮೀಟರ್ ದಪ್ಪ. ಅದು ಎಲ್ಲ ಕಡೆ ಸಿಗುತ್ತದೆ, ಅಗ್ಗ. ನನ್ನ ಭಾವನ ಗಡಿಯಾರಕ್ಕೆ ಪೇಟೆಯ ಅಂಗಡಿಯೊಂದರಲ್ಲಿ ಅದನ್ನೇ ಹಾಕಿ ಕಳಿಸಿದ್ದರು. ಚಾರ್ಜ್ ಮಾಡಬಾರದ ಸೆಲ್‌ಗೆ ಸೋಲಾರ್ ಫಲಕ ದಿನವೂ ವಿದ್ಯುತ್ ತುಂಬುತ್ತ ಹೋದರೆ ಅದು ಸೋರಬಹುದು, ಉಬ್ಬಿ ಗಡಿಯಾರವನ್ನೇ ಕೆಡಿಸಬಹುದು. ಮುಚ್ಚಳ ತೆರೆದಾಗ ಪಕ್ಕದಲ್ಲೇ ನಿಂತು ಹಳೆಯ ಸೆಲ್ ಮೇಲಿನ ಅಕ್ಷರ ಓದಿ, ಹೊಸದರ ಮೇಲೂ ಅದೇ ಇದೆಯೇ ನೋಡಿ. ನೀರು ತಡೆಯುವ ರಬ್ಬರ್ ಉಂಗುರವನ್ನೂ ಜೊತೆಗೇ ಬದಲಿಸಲು ಹೇಳಿ, ಆಮೇಲೆ ಮುಚ್ಚಳ ಹಾಕಿಸಿ.