ಅಂಗಳದಲ್ಲಿ ನವರಂಗ ಬಿದ್ದಿದ್ದರೆ ಏನು ಮಾಡಬೇಕು?

ಪ್ರಶ್ನೆ: ಅಕ್ಟೋಬರ್‌ನಲ್ಲಿ ಒಂದು ಬೆಳಿಗ್ಗೆ ನಮ್ಮ ಕಾರ್ ಶೆಡ್ಡಿನ ಮೂಲೆಯಲ್ಲಿ ಬಣ್ಣದ ಹಕ್ಕಿಯೊಂದು ಮುದುಡಿ ಕೂತಿತ್ತು. ಬೆನ್ನು ಹಸಿರು, ಹೊಟ್ಟೆಯ ತಳ ಕೆಂಪು, ಬಾಲ ಮೋಟು. ಹತ್ತಿರ ಹೋದರೂ ಹಾರಲಿಲ್ಲ. ಯಾರದೋ ಪಂಜರದಿಂದ ತಪ್ಪಿಸಿಕೊಂಡು ಬಂದಿರಬೇಕು ಅಂತ ಅಕ್ಕಿ, ನೀರು ಇಟ್ಟೆವು. ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸತ್ತುಹೋಯಿತು. ಅದು ಯಾವ ಹಕ್ಕಿ? ನಮ್ಮಿಂದ ಏನು ತಪ್ಪಾಯಿತು ಅಂತ ಮಗಳು ಇನ್ನೂ ಕೇಳುತ್ತಿದ್ದಾಳೆ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ಅದು ನವರಂಗ. ಪಂಜರದ್ದಲ್ಲ, ಕಾಡಿನದ್ದು. ಮೈಮೇಲೆ ಒಂಬತ್ತು ಬಣ್ಣ ಇವೆ ಅಂತ ಆ ಹೆಸರು. ನಾನು ಎಷ್ಟು ಸಲ ಎಣಿಸಿದರೂ ಏಳೆಂಟಕ್ಕೇ ನಿಲ್ಲುತ್ತದೆ, ಇರಲಿ. ‘ಪಿಟ್ಟ’ ಅನ್ನುವ ಇಂಗ್ಲಿಷ್ ಹೆಸರು ನಮ್ಮ ಪಕ್ಕದ ತೆಲುಗಿನಿಂದ ಹೋದದ್ದು. ಅಲ್ಲಿ ಪಿಟ್ಟ ಅಂದರೆ ಪುಟ್ಟ ಹಕ್ಕಿ, ಅಷ್ಟೇ.

ಇದು ಮುಂಗಾರಿನಲ್ಲಿ ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡುತ್ತದೆ. ಪಶ್ಚಿಮ ಘಟ್ಟದಲ್ಲೂ ಕರ್ನಾಟಕದವರೆಗೆ ಗೂಡು ಕಟ್ಟುವುದುಂಟು. ಮಳೆ ಮುಗಿದ ಮೇಲೆ ದಕ್ಷಿಣಕ್ಕೆ ಹೊರಡುತ್ತದೆ, ಕೆಲವು ಶ್ರೀಲಂಕಾ ತನಕ. ತೂಕ 50-60 ಗ್ರಾಂ ಆಸುಪಾಸು, ಅಂದರೆ ಒಂದು ಕೋಳಿಮೊಟ್ಟೆಯಷ್ಟು. ನೆಲದ ಮೇಲೆ ಕುಪ್ಪಳಿಸಿಕೊಂಡು ಬದುಕುವ ಹಕ್ಕಿ ಇಷ್ಟು ದೂರ ಹಾರುತ್ತದೆ, ಅದೂ ರಾತ್ರಿ ಹೊತ್ತು.

ಪೇಟೆಯಲ್ಲಿ ಎಡವಟ್ಟಾಗುವುದು ಇಲ್ಲೇ. ರಾತ್ರಿಯ ದೀಪಗಳು ಹಕ್ಕಿಯ ದಾರಿ ತಪ್ಪಿಸುತ್ತವೆ. ಬೆಳಗಾದರೆ ಕಿಟಕಿ ಗಾಜಿನಲ್ಲಿ ಮರದ ನೆರಳು ಕಂಡು, ಮರವೇ ಅಂತ ನುಗ್ಗುತ್ತದೆ. ಬಚಾವಾದರೂ ಸುಸ್ತಾಗಿ ಶೆಡ್ಡು, ಮೆಟ್ಟಿಲ ಕೆಳಗೆ, ಎಷ್ಟೋ ಸಲ ಮನೆಯೊಳಗೇ ಬಂದು ಕೂರುತ್ತದೆ. ಆಗ ಮುತ್ತುವುದು ಕಾಗೆಗಳು. ತಮಾಷೆ ಅಂದರೆ, 1766ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರಿಟ್ಟ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇದನ್ನು ಕಾಗೆಗಳ ಗುಂಪಿಗೇ ಸೇರಿಸಿದ್ದ!

ನಿಮ್ಮ ಮಗಳಿಗೆ ಹೇಳಿ, ದೊಡ್ಡ ತಪ್ಪೇನೂ ಆಗಿಲ್ಲ. ಗಾಜಿಗೆ ಬಡಿದು ಒಳಗೇ ಪೆಟ್ಟಾಗಿದ್ದರೆ ಯಾರೂ ಹೆಚ್ಚೇನು ಮಾಡಲಾಗುತ್ತಿರಲಿಲ್ಲ. ಆದರೆ ಮುಂದಿನ ಸಲಕ್ಕೆ ಗೊತ್ತಿರಲಿ: ಅದಕ್ಕೆ ಆಗ ಬೇಕಾದ್ದು ಊಟ ಅಲ್ಲ, ಕತ್ತಲೆ. ಒಂದು ರಟ್ಟಿನ ಡಬ್ಬಕ್ಕೆ ನಾಲ್ಕಾರು ತೂತು ಮಾಡಿ, ತಳಕ್ಕೆ ಹಳೇ ಬಟ್ಟೆ ಹಾಸಿ. ಹಕ್ಕಿಯ ಮೇಲೆ ತೆಳು ಟವೆಲ್ ಹಾಕಿ ಮೆಲ್ಲಗೆ ಎತ್ತಿ ಒಳಗಿಟ್ಟು ಮುಚ್ಚಿ. ಸದ್ದಿಲ್ಲದ ಕೋಣೆಯಲ್ಲಿಡಿ. ಬಾಯಿಗೆ ನೀರು ಹಾಕಲೇಬೇಡಿ, ಶ್ವಾಸಕೋಶಕ್ಕೆ ಹೋದರೆ ಮುಗಿಯಿತು. ಅಕ್ಕಿಯನ್ನು ಅದು ತಿನ್ನುವುದೂ ಇಲ್ಲ, ಅದು ಹುಳದ ಹಕ್ಕಿ. ಐದೈದು ನಿಮಿಷಕ್ಕೆ ಮುಚ್ಚಳ ತೆಗೆದು ನೋಡುವುದು, ಫೋಟೊ ಹೊಡೆಯುವುದು ಬೇಡ. ನಮಗೆ ಪ್ರೀತಿ, ಅದಕ್ಕೆ ಜೀವಭಯ.

ಒಂದೆರಡು ಗಂಟೆಯಲ್ಲಿ ಡಬ್ಬದೊಳಗೆ ಪಟಪಟ ಸದ್ದು ಕೇಳಿದರೆ ಒಳ್ಳೆಯ ಲಕ್ಷಣ. ಮರಗಿಡ ಇರುವ ಜಾಗದಲ್ಲಿ, ಬೆಕ್ಕು ಕಾಗೆ ಇಲ್ಲದ ಕಡೆ ಡಬ್ಬ ನೆಲಕ್ಕಿಟ್ಟು ಮುಚ್ಚಳ ತೆಗೆದು ಹಿಂದೆ ಸರಿಯಿರಿ. ಮೇಲಕ್ಕೆ ಎಸೆಯಬೇಡಿ. ರೆಕ್ಕೆ ಜೋತುಬಿದ್ದಿದ್ದರೆ, ರಕ್ತ ಕಂಡರೆ ಅಥವಾ ಚೇತರಿಸಿಕೊಳ್ಳದಿದ್ದರೆ ತಡಮಾಡದೆ ಅರಣ್ಯ ಇಲಾಖೆಗೋ ವನ್ಯಜೀವಿ ರಕ್ಷಣಾ ಕೇಂದ್ರಕ್ಕೋ ತಿಳಿಸಿ. ಮನೆಯಲ್ಲಿ ಸಾಕಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ.

ಪ್ರಶ್ನೆ: ನಮ್ಮ ತೋಟಕ್ಕೆ ಪ್ರತಿ ಚಳಿಗಾಲ ಒಂದು ನವರಂಗ ಬರುತ್ತಿತ್ತು. ಎರಡು ವರ್ಷದಿಂದ ಕಾಣುತ್ತಿಲ್ಲ. ಇದು ಅಳಿವಿನ ಅಂಚಿನ ಹಕ್ಕಿಯೇ? ತೋಟವನ್ನು ನಾವು ಈಗ ಮೊದಲಿಗಿಂತ ಚೊಕ್ಕಟವಾಗಿಯೇ ಇಟ್ಟಿದ್ದೇವೆ.
– ಓದುಗರೊಬ್ಬರು, ಸಾಗರ

ಉತ್ತರ: ಅಳಿವಿನ ಅಂಚಿನದ್ದಲ್ಲ. ಯಾವ ಜೀವಿಗೆ ಎಷ್ಟು ಅಪಾಯ ಅಂತ ಗುರುತಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಸದ್ಯಕ್ಕೆ ಆತಂಕವಿಲ್ಲದ ಹಕ್ಕಿಗಳ ಸಾಲಿನಲ್ಲಿದೆ. ನಿಮ್ಮ ತೋಟದ್ದು ಯಾಕೆ ಬರಲಿಲ್ಲ ಅಂತ ಇಲ್ಲಿ ಕೂತು ಹೇಳಲಾಗದು. ಆದರೆ ನಿಮ್ಮ ಕೊನೆಯ ಸಾಲು ಓದಿ ಅನುಮಾನ ಬಂತು.

ನವರಂಗ ಊಟ ಮಾಡುವುದನ್ನು ಒಮ್ಮೆ ನೋಡಬೇಕು. ಹಲಸಿನ ಮರದ ಕೆಳಗೆ ನಾನು ನೋಡಿದ್ದು: ಎರಡು ಸಲ ಕುಪ್ಪಳಿಸಿತು, ನಿಂತಿತು. ಮೋಟು ಬಾಲ ನಿಧಾನಕ್ಕೆ ಮೇಲೆ ಕೆಳಗೆ. ಕೊಕ್ಕಿನಲ್ಲಿ ಒಂದು ಒಣ ಎಲೆ ಹಿಡಿದು ಪಕ್ಕಕ್ಕೆ ಎಸೆಯಿತು, ಇನ್ನೊಂದನ್ನೂ ಎಸೆಯಿತು. ಮೂರನೆಯದರ ಅಡಿಯಲ್ಲಿ ಎರೆಹುಳ ಸಿಕ್ಕಿತು. ಅದರ ಊಟದ ತಟ್ಟೆಯೇ ದರಗು, ಅಂದರೆ ನೆಲಕ್ಕೆ ಬಿದ್ದ ಒಣ ಎಲೆ. ನಾವು ದರಗು ಗುಡಿಸಿ ಬೆಂಕಿ ಹಾಕಿ, ಕಳೆನಾಶಕ ಹೊಡೆದು ‘ಚೊಕ್ಕಟ’ ಅಂದುಕೊಳ್ಳುತ್ತೇವೆ. ಹುಳು ಇಲ್ಲದ ಮೇಲೆ ಅದಕ್ಕೆ ಅಲ್ಲೇನು ಕೆಲಸ, ಅಲ್ವಾ?

ಇಡೀ ತೋಟ ಬಿಡಬೇಕಿಲ್ಲ. ಬೇಲಿಯ ಪಕ್ಕದ ಒಂದು ಪಟ್ಟಿ, ನಾಲ್ಕು ಪೊದೆ ಸಮೇತ ಸುಮ್ನೆ ಬಿಡಿ. ಗೂಡು ಕಟ್ಟುವ ಕಾಡಿನಲ್ಲೂ ಇದೇ ಕಥೆ. ಗೂಡು ನೆಲದ ಮೇಲೋ ಗಿಡ್ಡ ಕೊಂಬೆಯಲ್ಲೋ ಇರುತ್ತದೆ. ಒಣ ಎಲೆ, ಹುಲ್ಲಿನ ಉಂಡೆ, ಪಕ್ಕದಲ್ಲಿ ಬಾಗಿಲು, ಒಳಗೆ ನಾಲ್ಕೈದು ಮೊಟ್ಟೆ. ಮರ ಉಳಿಸಿ ಕೆಳಗಿನ ಪೊದೆ ಸವರಿದರೂ ಅದರ ಮನೆ ಹೋದಂತೆಯೇ.

ಮನೆಯ ಕಿಟಕಿ ದೊಡ್ಡದಿದ್ದರೆ, ಹಕ್ಕಿ ಬಂದು ಬಡಿಯದಂತೆ ಗಾಜಿನ ಹೊರಬದಿಗೆ ಎರಡೆರಡು ಇಂಚಿಗೊಂದು ಚುಕ್ಕಿ ಅಂಟಿಸಿ. ಒಂದೇ ಒಂದು ಗಿಡುಗನ ಸ್ಟಿಕ್ಕರ್ ಅಂಟಿಸಿ ಕೂರುವುದರಿಂದ ಜಾಸ್ತಿ ಉಪಯೋಗವಿಲ್ಲ.

ಇನ್ನು, ಕಾಣಲಿಲ್ಲ ಅಂದಮಾತ್ರಕ್ಕೆ ಬಂದಿಲ್ಲ ಅಂತಲ್ಲ. ಇದು ಕಣ್ಣಿಗಿಂತ ಕಿವಿಗೆ ಸಿಗುವ ಹಕ್ಕಿ. ಬೆಳಗಿನ ಜಾವ, ಮತ್ತೆ ಮುಸ್ಸಂಜೆ ಎರಡು ಸ್ವರದ ಸಿಳ್ಳೆ ಹಾಕುತ್ತದೆ, ತಮಿಳರು ಇದನ್ನು ‘ಆರು ಗಂಟೆ ಹಕ್ಕಿ’ ಅನ್ನುವುದು ಅದಕ್ಕೇ. ನವೆಂಬರ್‌ನಿಂದ ಏಪ್ರಿಲ್ ತನಕ ಸಂಜೆ ಆರಕ್ಕೆ ಹಿತ್ತಲಿಗೆ ಹೋಗಿ ಕಿವಿಗೊಟ್ಟು ನೋಡಿ. ಸಿಕ್ಕರೆ ಬರೆದು ತಿಳಿಸಿ.