ಒಂದು ವಿಎಲ್ಯಾನ್‌ನ ಮಲ್ಟಿಕಾಸ್ಟ್ ವಿಡಿಯೊ ಇನ್ನೊಂದಕ್ಕೆ ಹೋಗುತ್ತಿಲ್ಲ, ಏನು ಮಾಡಲಿ?

ನಿಮ್ಮ ಸಮಸ್ಯೆ ನನಗೆ ಅರ್ಥವಾಗಿದ್ದು ಇಷ್ಟು: ರಾಯಚೂರಿನ ನಿಮ್ಮ ಕಾಲೇಜಿನಲ್ಲಿ ವಿಡಿಯೊ ಸರ್ವರ್ ವಿಎಲ್ಯಾನ್ (ಸ್ವಿಚ್‌ನಲ್ಲೇ ಬೇರ್ಪಡಿಸಿದ ನೆಟ್‌ವರ್ಕ್) 10ರಲ್ಲಿದೆ, ಸೆಮಿನಾರ್ ಹಾಲ್‌ನ ಪಿಸಿಗಳು 20ರಲ್ಲಿವೆ. ಮಲ್ಟಿಕಾಸ್ಟ್, ಅಂದರೆ ಕೇಳಿದವರಿಗೆಲ್ಲ ಒಟ್ಟಿಗೆ ಕಳಿಸುವ ವಿಡಿಯೊದ ಚಿತ್ರ 10ರಲ್ಲಿ ಬರುತ್ತದೆ, 20ರಲ್ಲಿ ಇಲ್ಲ. ಪಿಂಗ್ (ಸಂಪರ್ಕ ಇದೆಯೇ ಅಂತ ನೋಡುವ ಪರೀಕ್ಷೆ) ಮಾತ್ರ ಎರಡೂ ಕಡೆ ಹೋಗುತ್ತದೆ. ಸಿಸ್ಕೊ ಲೇಯರ್ 3 ಸ್ವಿಚ್‌ನಲ್ಲಿ (ರೌಟಿಂಗ್ ಕೂಡ ಮಾಡುವಂಥದ್ದು) ‘ಐಪಿ ಮಲ್ಟಿಕಾಸ್ಟ್-ರೌಟಿಂಗ್’ ಕೊಟ್ಟಿದ್ದೀರಿ.

ಸ್ವಿಚ್ ಬಿಡಿ, ಮೊದಲು ಸರ್ವರ್ ನೋಡಿ. ಬಳ್ಳಾರಿ ಕಡೆಯ ಕಾರ್ಖಾನೆಯೊಂದರ ನೆಟ್‌ವರ್ಕ್ ನೋಡಿಕೊಳ್ಳುವವನು ನಾನು. ಇಂಥ ದೂರು ಬಂದರೆ ವೈರ್‌ಶಾರ್ಕ್ (ಪ್ಯಾಕೆಟ್ ತೋರಿಸುವ ಸಾಫ್ಟ್‌ವೇರ್) ತೆಗೆದು ಟಿಟಿಎಲ್ ಎಷ್ಟಿದೆ ಅಂತ ನೋಡುತ್ತೇನೆ. ಪ್ಯಾಕೆಟ್‌ನಲ್ಲಿರುವ ಈ ಸಂಖ್ಯೆ ಪ್ರತಿ ರೌಟರ್‌ನಲ್ಲೂ ಒಂದು ಇಳಿಯುತ್ತದೆ, ಸೊನ್ನೆಯಾದರೆ ಪ್ಯಾಕೆಟ್ ಬೀಳುತ್ತದೆ. ಅಪ್ಲಿಕೇಶನ್ ಬೇರೆ ಹೇಳದಿದ್ದರೆ ಆಪರೇಟಿಂಗ್ ಸಿಸ್ಟಂ ಮಲ್ಟಿಕಾಸ್ಟ್ ಪ್ಯಾಕೆಟ್‌ಗೆ 1 ಹಾಕಿ ಕಳಿಸುತ್ತದೆ. ಅದು ರೌಟಿಂಗ್ ದಾಟುವುದೇ ಇಲ್ಲ, ಅಲ್ಲೇ ಬಿದ್ದುಹೋಗುತ್ತದೆ. ಮಲ್ಟಿಕಾಸ್ಟ್‌ಗೆ ಐಸಿಎಂಪಿ ಎರರ್ (ಪ್ಯಾಕೆಟ್ ಬಿತ್ತು ಅಂತ ತಿಳಿಸುವ ಸಂದೇಶ) ಕಳಿಸುವ ಪದ್ಧತಿಯೂ ಇಲ್ಲ, ಹಾಗಾಗಿ ಯಾರಿಗೂ ಸುಳಿವು ಸಿಗುವುದಿಲ್ಲ. ಪಿಂಗ್ ಹೋಗುತ್ತದೆ ಅಂತ ನಂಬಿ ಕೂರಬೇಡಿ, ಅದರ ಟಿಟಿಎಲ್ಲೇ ಬೇರೆ. ಸ್ಟ್ರೀಮಿಂಗ್ ಸಾಫ್ಟ್‌ವೇರ್‌ನಲ್ಲಿ 8 ಅಥವಾ 16 ಇಡಿ, ಸಾಕು.

ಇನ್ನು ಸ್ವಿಚ್. ನೀವು ಕೊಟ್ಟ ಆ ಒಂದು ಕಮಾಂಡ್ ಬರೀ ಬಾಗಿಲು ತೆಗೆದಂತೆ. ವಿಎಲ್ಯಾನ್ 10 ಮತ್ತು 20, ಎರಡರ ಇಂಟರ್‌ಫೇಸ್‌ನಲ್ಲೂ ‘ಐಪಿ ಪಿಮ್ ಸ್ಪಾರ್ಸ್-ಮೋಡ್’ ಬೇಕು (ಪಿಮ್ ಅಂದರೆ ಮಲ್ಟಿಕಾಸ್ಟ್‌ಗೆ ದಾರಿ ಹಾಕುವ ಪ್ರೋಟೋಕಾಲ್). ಕೇಳುವವರ ಕಡೆ ಮಾತ್ರ ಹಾಕಿ ಸರ್ವರ್ ಕಡೆ ಬಿಡುವವರು ಜಾಸ್ತಿ. ಒಂದು ಲೂಪ್‌ಬ್ಯಾಕ್ (ಸ್ವಿಚ್‌ನೊಳಗಿನ ವರ್ಚುವಲ್ ಇಂಟರ್‌ಫೇಸ್) ಮಾಡಿ, ಅದಕ್ಕೂ ಪಿಮ್ ಹಾಕಿ, ಅದರ ವಿಳಾಸವನ್ನೇ ‘ಐಪಿ ಪಿಮ್ ಆರ್‌ಪಿ-ಅಡ್ರೆಸ್’ ಅಂತ ಕೊಡಿ. ಆರ್‌ಪಿ ಅಂದರೆ ಕಳಿಸುವವರೂ ಕೇಳುವವರೂ ಸಂಧಿಸುವ ಜಾಗ. ಒಂದೇ ಸ್ವಿಚ್ ಇದ್ದರೂ ಇದನ್ನು ಬಿಡಬೇಡಿ.

ಆಮೇಲೆ ‘ಶೋ ಐಪಿ ಐಜಿಎಂಪಿ ಗ್ರೂಪ್ಸ್’ ಕೊಡಿ, ಯಾವ ಗ್ರೂಪ್ (ಸ್ಟ್ರೀಮ್‌ನ ಮಲ್ಟಿಕಾಸ್ಟ್ ವಿಳಾಸ) ಎಲ್ಲಿ ಕೇಳುತ್ತಿದ್ದಾರೆ ಅಂತ ತೋರಿಸುತ್ತದೆ. ವಿಎಲ್ಯಾನ್ 20ರಲ್ಲಿ ನಿಮ್ಮ ಗ್ರೂಪ್ ಕಾಣದಿದ್ದರೆ ಪಿಸಿ ಕೇಳುತ್ತಲೇ ಇಲ್ಲ ಅಂತರ್ಥ. ಪಿಸಿಯ ಫೈರ್‌ವಾಲ್ ನೋಡಿ. ಗ್ರೂಪ್ ಇದ್ದೂ ಚಿತ್ರವಿಲ್ಲದಿದ್ದರೆ ‘ಶೋ ಐಪಿ ಎಂರೌಟ್’ನಲ್ಲಿ (ಮಲ್ಟಿಕಾಸ್ಟ್ ದಾರಿಗಳ ಪಟ್ಟಿ) ಸರ್ವರ್‌ನ ಐಪಿ ಇರುವ ಸಾಲು ಹುಡುಕಿ. ಅದರ ಒಳಬರುವ ಇಂಟರ್‌ಫೇಸ್ 10, ಹೊರಹೋಗುವ ಪಟ್ಟಿಯಲ್ಲಿ 20 ಇರಬೇಕು.

ಗ್ರೂಪ್ ವಿಳಾಸ 224.0.0 ಸಾಲಿನದಾದರೆ ಸುಮ್ನೆ ಬದಲಿಸಿ, ಅದನ್ನು ಯಾವ ರೌಟರೂ ಮುಂದಕ್ಕೆ ಬಿಡುವುದಿಲ್ಲ. 239ರದ್ದು ತೆಗೆದುಕೊಳ್ಳಿ. ಅದರಲ್ಲೂ 239.0.0 ಮತ್ತು 239.128.0 ಬೇಡ. ಐಪಿಯ ಕೊನೆಯ 23 ಬಿಟ್ ಮಾತ್ರ ಮ್ಯಾಕ್ ವಿಳಾಸಕ್ಕೆ (ಸ್ವಿಚ್ ನೋಡುವ ಹಾರ್ಡ್‌ವೇರ್ ವಿಳಾಸ) ಹೋಗುವುದರಿಂದ ಇವೆರಡೂ 224.0.0 ಜೊತೆ ಒಂದೇ ಮ್ಯಾಕ್‌ಗೆ ಬೀಳುತ್ತವೆ, ಸ್ವಿಚ್ ಎಲ್ಲ ಪೋರ್ಟ್‌ಗೂ ಸುರಿಯುತ್ತದೆ. 239.10.10.1 ಥರದ್ದು ಆರಾಮ.

ವಿಎಲ್ಯಾನ್ 10ರಲ್ಲೂ ನಾಲ್ಕು ನಿಮಿಷ ಬಂದು ಚಿತ್ರ ನಿಲ್ಲುತ್ತದೆ ಅಂತ ಕೊನೆಯಲ್ಲಿ ಬರೆದಿದ್ದೀರಲ್ಲ, ಅದು ಕ್ವೆರಿಯರ್, ಅಂದರೆ ಆಗಾಗ ಪಿಸಿಗಳನ್ನು ವಿಚಾರಿಸುವವರು, ಇಲ್ಲದ ಲಕ್ಷಣ. ಯಾರೂ ‘ಇನ್ನೂ ಬೇಕಾ?’ ಅಂತ ಕೇಳದಿದ್ದರೆ ಸ್ನೂಪಿಂಗ್ ಟೇಬಲ್‌ನ (ಯಾವ ಪೋರ್ಟ್‌ಗೆ ಯಾವ ಗ್ರೂಪ್ ಬೇಕು ಅಂತ ಸ್ವಿಚ್ ಇಟ್ಟುಕೊಳ್ಳುವ ಪಟ್ಟಿ) ನಮೂದು ಸುಮಾರು 260 ಸೆಕೆಂಡಿಗೆ ಅಳಿದುಹೋಗುತ್ತದೆ. ಸ್ನೂಪಿಂಗ್ ಆಫ್ ಮಾಡಿ ಅನ್ನುವ ಸಲಹೆ ಸಿಗುತ್ತದೆ, ಕಿವಿಗೆ ಹಾಕಿಕೊಳ್ಳಬೇಡಿ. ವಿಎಲ್ಯಾನ್ ಇಂಟರ್‌ಫೇಸ್‌ಗೆ ಪಿಮ್ ಹಾಕಿದರೆ ಸ್ವಿಚ್ಚೇ ಕ್ವೆರಿಯರ್ ಆಗುತ್ತದೆ.

ಇಷ್ಟಾದರೂ ಬಾರದಿದ್ದರೆ ಎಂರೌಟ್ ಔಟ್‌ಪುಟ್ ಇಲ್ಲಿ ಹಾಕಿ ಸರ್, ನೋಡೋಣ.